ಮೂವತ್ತಾರು ಮಿಲಿಮೀಟರಿನ ರಾಯರು

ನಿಮ್ಮ ಬಡಾವಣೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ವಯಸ್ಸು ಅರವತ್ತರ ಆಚೆ ಈಚೆ. ಬ್ಯಾಂಕಿನಿಂದಲೋ ವಿಮೆ ಕಚೇರಿಯಿಂದಲೋ ಲೋಕೋಪಯೋಗಿ ಇಲಾಖೆಯಿಂದಲೋ ನಿವೃತ್ತಿ. ಮೈಮೇಲೆ ಎಣಿಸಲಾರದಷ್ಟು ಜೇಬುಗಳಿರುವ ತೋಳಿಲ್ಲದ ಖಾಕಿ ಜಾಕೆಟ್ಟು, ಪ್ಯಾಂಟಿನ ಎರಡೂ ಮಂಡಿಗೆ ಮೆತ್ತಿದ ಕೆಮ್ಮಣ್ಣು. ಮದುವೆ ಮನೆಯಲ್ಲಿ ಎಲ್ಲರೂ ಗಂಡುಹೆಣ್ಣಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಸಾಲುಗಟ್ಟಿದ್ದರೆ ಇವರು ಛತ್ರದ ಹಿತ್ತಿಲಲ್ಲಿ, ಅಡುಗೆಯವರು ಕೊಪ್ಪರಿಗೆ ಬೆಳಗುವ ಕಡೆ, ಪಾಚಿ ಕಟ್ಟಿದ ಗೋಡೆಗೆ ಮೂಗು ತಾಗಿಸಿ ನಿಂತಿರುತ್ತಾರೆ. ಹುಡುಗಿಯ ಸೋದರಮಾವ ಬಂದು, "ಯಾಕ್ ಸ್ವಾಮಿ, ತಲೆ ಸುತ್ತು ಬಂತಾ? ಸೋಡಾ ತರಿಸ್ಲಾ?" ಅಂತ ವಿಚಾರಿಸಿದರೆ, ತಿರುಗಿಯೂ ನೋಡದೆ, "ತಡೀರಿ, ಪಾಚಿ ಒಣಗ್ತಾ ಇದೆ" ಅನ್ನುತ್ತಾರೆ.

ಹೆಸರು ಏನಾದರೂ ಇರಲಿ, ಈ ಬರಹದ ಮಟ್ಟಿಗೆ ರಾಯರು ಅನ್ನೋಣ. ರಾಯರು ಅಂದರೆ ಯಾರೂ ತಮ್ಮನ್ನೇ ಅಂದರೆಂದು ತಿಳಿಯುವುದಿಲ್ಲ, ಎದುರು ಮನೆಯವರನ್ನು ಅಂದರೆಂದು ಖುಷಿಪಡುತ್ತಾರೆ.

ರಾಯರು ಹುಟ್ಟಾ ಹೀಗಿರಲಿಲ್ಲ. ಗ್ರಾಚ್ಯುಯಿಟಿ ಕೈಗೆ ಬಂದ ಹೊಸದರಲ್ಲಿ ಒಂದು ಕ್ಯಾಮೆರಾ ಕೊಂಡು, ಹತ್ತು ಜನ ಮಾಡುವ ಹಾಗೆ ಹಕ್ಕಿಯಿಂದಲೇ ಶುರು ಮಾಡಿದರು. ನಮ್ಮಲ್ಲಿ ಅದಕ್ಕೆ ಹಿರಿಯರು ಹಾಕಿಕೊಟ್ಟ ದಾರಿಯೇ ಇದೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅಂಥವರು ಕಾಡುಮೇಡಿನಲ್ಲಿ ಉಸಿರು ಬಿಗಿಹಿಡಿದು ಕಾದು ತೆಗೆದ ಚಿತ್ರಗಳಿಂದ ಬೆಂಗಳೂರಿಗೆ ಹೊರದೇಶಗಳಲ್ಲೂ ಹೆಸರು ಬಂತು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ಸುತ್ತ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದರು. ರಾಯರೂ ಅಲೆದರು. ಆದರೆ ಹಕ್ಕಿಗೆ ಒಂದು ಕೆಟ್ಟ ಚಾಳಿ ಇದೆ, ಅದು ಹಾರುತ್ತದೆ. ರಾಯರು ಕನ್ನಡಕ ಹಣೆಗೇರಿಸಿ, ಒಂದು ಕಣ್ಣು ಮುಚ್ಚಿ, ಫೋಕಸ್ ಸಿಕ್ಕಿತು ಅನ್ನುವಷ್ಟರಲ್ಲಿ ಅಲ್ಲಿ ಕೊಂಬೆ ಮಾತ್ರ ಇರುತ್ತಿತ್ತು. ಅವರ ಕಂಪ್ಯೂಟರಿನಲ್ಲಿರುವಷ್ಟು ಖಾಲಿ ಕೊಂಬೆಗಳು ಅರಣ್ಯ ಇಲಾಖೆಯ ದಾಖಲೆಯಲ್ಲೂ ಇರಲಾರವು. ಅದು ಸಾಲದು ಅನ್ನುವುದಕ್ಕೆ ಹಿಂದಿನ ಬೀದಿಯ ಸಾಫ್ಟ್‌ವೇರ್ ಹುಡುಗ 600 ಎಂಎಂ ಲೆನ್ಸ್ ತಂದ. ಅದರ ಬೆಲೆ ಕೇಳಿದ ದಿನ ರಾಯರು ರಾತ್ರಿ ಊಟ ಮಾಡಲಿಲ್ಲ.

ತಿರುವು ಬಂದದ್ದು ರಂಗನತಿಟ್ಟಿನಲ್ಲಿ. ದೋಣಿ ಓಲಾಡುತ್ತಿತ್ತು. ಬಂಡೆಯ ಮೇಲೆ ರೆಕ್ಕೆ ಹರವಿ ಕೂತಿದ್ದ ನೀರುಕಾಗೆ ರಾಯರು ಗುಂಡಿ ಒತ್ತುವುದಕ್ಕೆ ಸರಿಯಾಗಿ ಎದ್ದುಹೋಯಿತು. ಕ್ಯಾಮೆರಾದಲ್ಲಿ ಉಳಿದದ್ದು ಬಂಡೆ, ಬಂಡೆಯ ಮೇಲೆ ನೀರುಕಾಗೆಗಳು ತಲೆಮಾರಿನಿಂದ ತಲೆಮಾರಿಗೆ ಇಳಿಸಿಬಿಟ್ಟ ಹಿಕ್ಕೆ. ಮನೆಗೆ ಬಂದು ಅಳಿಸಲು ಹೋದವರು ಸುಮ್ಮನೆ ಒಮ್ಮೆ ಹಿಗ್ಗಿಸಿ ನೋಡಿದರು. ಕರಿಕಲ್ಲಿನ ಮೇಲೆ ಬಿಳುಪು ಒಂದು ಕಡೆ ದಪ್ಪಗೆ ಸುರಿದು, ಇನ್ನೊಂದು ಕಡೆ ಎಳೆ ಎಳೆಯಾಗಿ ಇಳಿದು, ತುದಿಯಲ್ಲಿ ಸಿಡಿದು ಹನಿ ಹನಿಯಾಗಿತ್ತು. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದರು. ಮುಂಬಯಿಯ ಅಳಿಯ, "ಮಾವ, ಜಾಕ್ಸನ್ ಪೊಲಾಕ್ ಥರಾ ಇದೆ" ಅಂತ ಬರೆದ. ಅಳಿಯಂದಿರು ಮಾವನಿಗೆ ಬರೆಯುವ ಮಾತನ್ನು ಎಷ್ಟು ನಂಬಬೇಕೋ ಅಷ್ಟು ನಂಬಿ ಬಿಡಬೇಕಿತ್ತು. ರಾಯರು ಪೊಲಾಕ್ ಯಾರು ಅಂತ ಹುಡುಕಿ ಓದಿದರು. ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಸುತ್ತ ಓಡಾಡುತ್ತ ಮೇಲಿನಿಂದ ಬಣ್ಣ ಸುರಿಯುತ್ತಿದ್ದ ಅಮೆರಿಕದ ಚಿತ್ರಕಾರ. ನೀರುಕಾಗೆಯ ವಿಧಾನವೂ ಅದೇ ಎಂದು ರಾಯರಿಗೆ ಹೊಳೆಯಿತು. ಅಂದು ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರಂತೆ.

ವಾರದೊಳಗೆ ಮ್ಯಾಕ್ರೋ ಲೆನ್ಸ್ ಬಂತು.

ಈ ಲೆನ್ಸಿನ ವ್ಯವಹಾರ ಸ್ವಲ್ಪ ತಿಳಿದುಕೊಳ್ಳಬೇಕು, ಇಲ್ಲದಿದ್ದರೆ ರಾಯರು ಅರ್ಥವಾಗುವುದಿಲ್ಲ. ಅದು ಒಂದಕ್ಕೆ ಒಂದು ಅಳತೆಯಲ್ಲಿ ನೋಡುತ್ತದೆ. ಅಂದರೆ ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ ಇರುವುದರಿಂದ ಹೊರಗಡೆಯೂ ಅಷ್ಟೇ ಜಾಗ ಚಿತ್ರಕ್ಕೆ ಸಿಗುತ್ತದೆ. ಒಂದು ಅಂಚೆಚೀಟಿಯಷ್ಟು. ಆ ಅಂಚೆಚೀಟಿಯಲ್ಲೂ ಎಲ್ಲ ಸ್ಪಷ್ಟ ಬರುತ್ತದೆ ಅಂದುಕೊಳ್ಳಬೇಡಿ. ಅಪರ್ಚರ್ 2.8ರಲ್ಲಿ ಇಟ್ಟರೆ ಫೋಕಸಿನ ಆಳ ಮಿಲಿಮೀಟರಿನ ಮೂರನೇ ಒಂದು ಭಾಗ. 16ಕ್ಕೆ ತಂದರೆ ಎರಡು ಮಿಲಿಮೀಟರ್ ಸಿಕ್ಕೀತು. ಉಸಿರು ಬಿಟ್ಟರೆ ಫೋಕಸ್ ಹೋಯಿತು, ಸೊಳ್ಳೆ ಕಚ್ಚಿದರೆ ಫೋಕಸ್ ಹೋಯಿತು, ಮನೆಯಿಂದ ಫೋನ್ ಬಂದರಂತೂ ಹೋಗಿಯೇ ಹೋಯಿತು. ನಿವೃತ್ತಿಯಾದ ಮೇಲೆ ರಾಯರ ಲೋಕ ವಿಶಾಲವಾಯಿತು ಎಂದು ನಾವೆಲ್ಲ ತಿಳಿದಿದ್ದೆವು. ಅದು 36 ಮಿಲಿಮೀಟರಿಗೆ ಇಳಿದಿತ್ತು.

ಹೆಚ್ಚು ಹೇಳುತ್ತಿದ್ದೇನೆ ಅನ್ನಿಸಿದರೆ ಹಂಪಿಯ ಪ್ರಸಂಗ ಕೇಳಿ. ಎರಡು ಸಂಸಾರ, ಒಂದು ಇನೋವಾ. ಹೊಸಪೇಟೆ ದಾಟಿ ಬಂಡೆಗಳು ಶುರುವಾಗುತ್ತಲೇ ರಾಯರ ಉಸಿರಾಟ ಬದಲಾಯಿತು. ವಿಠ್ಠಲ ದೇವಸ್ಥಾನದ ಅಂಗಳಕ್ಕೆ ಬಂದೆವು. ಕಲ್ಲಿನ ರಥದ ಮುಂದೆ ಜನವೋ ಜನ. ರಾಯರು ರಥಕ್ಕೆ ಬೆನ್ನು ಹಾಕಿ ನಿಂತರು.

"ರಥ ತೆಗೀರಿ ಸಾರ್" ಅಂದೆ.

"50 ರೂಪಾಯಿ ನೋಟಿನ ಮೇಲೇ ಇದೆಯಲ್ರೀ. ನಾನು ಬೇರೆ ಯಾಕೆ ತೆಗೀಬೇಕು?" ಅಂದವರು ಪ್ರಾಕಾರದ ಮೂಲೆಯ ಒಂದು ಚಪ್ಪಡಿಯ ಮುಂದೆ ಮಂಡಿಯೂರಿದರು. ಮಳೆನೀರು ಇಳಿದು ಇಳಿದು ಚಪ್ಪಡಿಯ ಮೇಲೆ ಕಪ್ಪು ಗೆರೆಗಳು ಮೂಡಿದ್ದವು. ಒಂದು ಕಡೆ ಚಕ್ಕೆ ಎದ್ದು ಒಳಗಿನ ನಸುಗೆಂಪು ಕಾಣುತ್ತಿತ್ತು. ರಾಯರು ಟ್ರೈಪಾಡ್ ಬಿಚ್ಚಿದರು. ಕಾವಲಿನವನು ಓಡಿಬಂದ.

"ಟ್ರೈಪಾಡ್ ಇಡಂಗಿಲ್ರಿ ಸರ್. ಪರ್ಮಿಷನ್ ಬೇಕ್ರಿ."

ರಾಯರು ತಕರಾರು ಮಾಡದೆ ಅದನ್ನು ಮಡಚಿ, ಚೀಲದಿಂದ ಇನ್ನೊಂದು ಚೀಲ ತೆಗೆದರು. ಹಳೆ ಜೀನ್ಸ್ ಪ್ಯಾಂಟಿನ ಕಾಲನ್ನು ಕತ್ತರಿಸಿ, ಎರಡೂ ತುದಿ ಹೊಲಿದು ಮಾಡಿದ್ದು. ಕ್ಯಾಮೆರಾವನ್ನು ಅದರ ಮೇಲೆ ಅಲುಗಾಡದಂತೆ ಕೂರಿಸುತ್ತಾರೆ.

"ಇದರಾಗ ಏನೈತ್ರಿ?"

"ಹುರುಳಿ."

ಕಾವಲಿನವನು ಚೀಲವನ್ನೂ ರಾಯರನ್ನೂ ಒಂದು ಗಳಿಗೆ ನೋಡಿ, "ಕುದುರಿಗೇನ್ರಿ? ನಮ್ಮ ರಥಕ್ಕ ಆನಿ ಅದಾವ್ರಿ" ಅಂದು ಹೊರಟುಹೋದ.

ಸಂಜೆಯವರೆಗೆ ರಾಯರು ಆ ಮೂಲೆ ಬಿಡಲಿಲ್ಲ. ಇಳಿಬಿಸಿಲು ಕಲ್ಲಿಗೆ ಅಡ್ಡಡ್ಡ ಬಿದ್ದಾಗಲೇ ಅದರ ಉಬ್ಬುತಗ್ಗು ಏಳುವುದು ಎನ್ನುತ್ತಾರೆ, ಅದು ನಿಜವೂ ಹೌದು. ನಾವು ಪುರಂದರ ಮಂಟಪ, ರಾಜರ ತುಲಾಭಾರ, ಮಹಾನವಮಿ ದಿಬ್ಬ, ಕಮಲ ಮಹಲ್ ಎಲ್ಲ ಸುತ್ತಿ, ಎಳನೀರು ಕುಡಿದು ಬಂದಾಗ ಅವರು ಚಪ್ಪಡಿಯ ಎಡತುದಿಯಿಂದ ಬಲತುದಿಗೆ ತಲುಪಿದ್ದರು. ಊರಿಗೆ ಬಂದು 'ಹಂಪಿ' ಎಂಬ ಆಲ್ಬಮ್ ತೋರಿಸಿದರು. ಕಪ್ಪು ಗೆರೆ, ಕೆಂಪು ಚಕ್ಕೆ. ಕೆಂಪು ಚಕ್ಕೆ, ಕಪ್ಪು ಗೆರೆ.

"ಇದು ಹಂಪಿ ಅಂತ ನೋಡಿದವರಿಗೆ ಹ್ಯಾಗೆ ಗೊತ್ತಾಗ್ಬೇಕು ರೀ?" ಅಂದರು ರಾಯರ ಮನೆಯಾಕೆ.

"ಗೊತ್ತಾಗಬಾರದು. ಅದೇ ಕಣೇ ಅದರ ಸೊಗಸು."

"ಹಾಗಿದ್ರೆ ನಮ್ಮನೆ ಬಚ್ಚಲ ಗೋಡೆ ಸಾಕಿತ್ತಲ್ಲ. ಇನೋವಾ ಬಾಡಿಗೆಯಾದ್ರೂ ಉಳೀತಿತ್ತು."

ಬೇರೆ ಗಂಡಸಾಗಿದ್ದರೆ ನೊಂದುಕೊಳ್ಳುತ್ತಿದ್ದ. ರಾಯರು ಯೋಚನೆಗೆ ಬಿದ್ದರು. ಮರುದಿನ ಬೆಳಿಗ್ಗೆ ಬಚ್ಚಲಮನೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು, ಒಂಬತ್ತರವರೆಗೆ ತೆಗೆಯಲಿಲ್ಲ. ಹೊರಗೆ ಕಾಯುತ್ತಿದ್ದ ಮಗ ಕೊನೆಗೆ ನಮ್ಮ ಮನೆಗೆ ಬಂದ.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದಾಗಲೂ ಇದೇ ಕಥೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಲಾವಾ ಆರಿ, ಬಿರಿದು, ಕಂಬ ಕಂಬವಾಗಿ ನಿಂತಿರುವುದನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ರಾಯರು ಒಂದು ಕಂಬದ ನೆತ್ತಿಯ ಮೇಲೆ ಕಟ್ಟಿದ್ದ ಉಪ್ಪಿನ ಕರೆ ನೋಡಿ ಬಂದರು. ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಆಳೆತ್ತರ ಮೀರಿದ ವಿಷ್ಣುವಿದ್ದಾನೆ. ರಾಯರು ಮರಳುಗಲ್ಲಿನ ಕೆಂಪು, ಹಳದಿ, ನೇರಳೆ ಪಟ್ಟೆಗಳನ್ನು ನೋಡುತ್ತ ವಿಷ್ಣುವಿನ ಪಾದ ತುಳಿಯುವುದರಲ್ಲಿದ್ದರು.

ಸಲಕರಣೆಗಳಲ್ಲಿ ಮೂರು ಮುಖ್ಯ. ಹುರುಳಿ ಚೀಲ ಆಯಿತು. ಎರಡನೆಯದು ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿ. ಒಣಗಿದ ಕಲ್ಲು ಬೆಳಕನ್ನು ಕಂಡಕಂಡಲ್ಲಿ ಚೆಲ್ಲಿ ಮಂಕಾಗಿ ಕಾಣುತ್ತದೆ, ಮೇಲೊಂದು ನೀರಿನ ಪದರ ಕೂತರೆ ಒಳಗಿನ ಬಣ್ಣ ಎದ್ದು ಬರುತ್ತದೆ. ಮೂರನೆಯದು ಕರಿ ಕೊಡೆ. ಸುಡುಬಿಸಿಲಿನಲ್ಲಿ ಕಲ್ಲಿಗೆ ನೆರಳು ಮಾಡಲು. ಕೊಡೆ ಹಿಡಿಯುವವರು ಯಾರು ಅನ್ನುವುದೇ ರಾಯರ ಸ್ನೇಹದ ಪರೀಕ್ಷೆ. ನಾನು ಹಿಡಿದಿದ್ದೇನೆ. ಕಲ್ಲಿಗೆ ನೆರಳು, ರಾಯರ ಬೆನ್ನಿಗೂ ನೆರಳು, ಹಿಡಿದವನಿಗೆ ಬಿಸಿಲು. ಎಡಗಡೆ ವಾಲಿಸಿ, ಬಲಗಡೆ ವಾಲಿಸಿ, ಉಸಿರಾಡಬೇಡಿ ಅನ್ನುತ್ತಾರೆ. ಕೊನೆಯದಕ್ಕೆ ನಾನು ಒಪ್ಪಿಲ್ಲ.

ಕಲ್ಲು ಮುಗಿದ ಕಡೆ ಕಲ್ಲುಹೂವು ಶುರು. ಬಂಡೆಗಳ ಮೇಲೆ ಬೂದಿ, ಹಸಿರು, ಕಿತ್ತಳೆ ಬಣ್ಣದಲ್ಲಿ ಚಕ್ಕಳ ಚಕ್ಕಳವಾಗಿ ಅಂಟಿಕೊಂಡಿರುತ್ತದಲ್ಲ, ಅದು. ಪಾಚಿಯೂ ಶಿಲೀಂಧ್ರವೂ ಸೇರಿ ಹೂಡಿದ ಜಂಟಿ ಸಂಸಾರ. ಕೆಲವು ಜಾತಿ ವರ್ಷಕ್ಕೆ ಒಂದು ಮಿಲಿಮೀಟರು ಬೆಳೆದರೆ ಹೆಚ್ಚು. ರಾಯರಿಗೆ ಅದರ ಅಂಚಿನ ಸುರುಳಿಗಳೆಂದರೆ ಪ್ರಾಣ. ದುರದೃಷ್ಟಕ್ಕೆ ಅದರದೇ ಒಂದು ಬಳಗ ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲೂ ಇದೆ. ಒಂದು ಮಳೆಗಾಲದ ಭಾನುವಾರ, ಹೊರಗೆ ಹೋಗಲಾಗದೆ, ರಾಯರು ಡಬ್ಬಿಯಿಂದ ಚೆನ್ನಾಗಿರುವ ಚಕ್ಕೆಗಳನ್ನೆಲ್ಲ ಆರಿಸಿ ಕೊಂಡೊಯ್ದು, ಒಂದೊಂದನ್ನೂ ಇಕ್ಕಳದಲ್ಲಿ ಹಿಡಿದು ಫೋಟೋ ತೆಗೆದರು. ಮಧ್ಯಾಹ್ನ ಎಲೆಯ ಮುಂದೆ ಕೂತು, "ಯಾಕೋ ಬಿಸಿಬೇಳೆಬಾತಿಗೆ ಇವತ್ತು ಘಮ ಇಲ್ವಲ್ಲೇ" ಅಂದರು.

"ಘಮ ನಿಮ್ಮ ಕ್ಯಾಮೆರಾದಲ್ಲಿದೆ. ನೆಕ್ಕಿಕೊಳ್ಳಿ" ಎಂದು ಉತ್ತರ ಬಂತು.

ಇಂಥ ಮಾತು ಬಂದಾಗ ರಾಯರು ಪರಂಪರೆಯ ಮೊರೆ ಹೋಗುತ್ತಾರೆ. ಕಾಫಿ ಬರುವಷ್ಟರಲ್ಲಿ ಎಡ್ವರ್ಡ್ ವೆಸ್ಟನ್ ಬಂದಿರುತ್ತಾನೆ. 1930ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವನು ಒಂದು ದೊಣ್ಣೆಮೆಣಸಿನಕಾಯನ್ನು ತಗಡಿನ ಲಾಳಿಕೆಯೊಳಗೆ ಕೂರಿಸಿ, ದೀರ್ಘ ಎಕ್ಸ್‌ಪೋಷರ್ ಕೊಟ್ಟು ತೆಗೆದ ಚಿತ್ರ ಇವತ್ತಿಗೂ ಜಗತ್ಪ್ರಸಿದ್ಧ. ಅದರ ಹೆಸರು 'ಪೆಪ್ಪರ್ ನಂ. 30'. ಮೈ ತಿರುಚಿ ನಿಂತ ಮನುಷ್ಯದೇಹವೋ ಕಾಯೋ ತಿಳಿಯುವುದಿಲ್ಲ. ರಾಯರ ಮನೆಯಾಕೆಗೆ ಈ ವೆಸ್ಟನ್ ಬಗ್ಗೆ ಗೌರವವಿದೆ, ಯಾಕೆಂದರೆ ಅವನು ಫೋಟೋ ತೆಗೆದ ಮೇಲೆ ಆ ಕಾಯನ್ನು ತಿಂದ. "ಪುಣ್ಯಾತ್ಮ. ನೀವು ಒಣಗಿಸಿ ಎಸೀತೀರಿ" ಅನ್ನುತ್ತಾರೆ.

ಆಮೇಲೆ ಏರನ್ ಸಿಸ್ಕಿಂಡ್. ನ್ಯೂಯಾರ್ಕಿನ ಶಾಲಾ ಮೇಷ್ಟ್ರು. ಹಾರ್ಲೆಮ್ಮಿನ ಬಡವರ ಬದುಕನ್ನು ಚಿತ್ರಿಸುತ್ತಿದ್ದವನು 1940ರ ದಶಕದಲ್ಲಿ ಇದ್ದಕ್ಕಿದ್ದಂತೆ ಮನುಷ್ಯರನ್ನು ಬಿಟ್ಟು, ಸುಲಿದ ಬಣ್ಣ, ಹರಿದ ಪೋಸ್ಟರು, ರಸ್ತೆಯ ಟಾರು, ಕಲ್ಲಿನ ಗೋಡೆಗಳ ಹಿಂದೆ ಬಿದ್ದ. ಚಿತ್ರಕಾರರು ಅವನನ್ನು ತಮ್ಮವನೆಂದುಕೊಂಡರು, ಫೋಟೋದವರು ಇವನಿಗೇನಾಯಿತು ಅಂದುಕೊಂಡರು. ಆದರೆ ರಾಯರಿಗೆ ಎಲ್ಲರಿಗಿಂತ ಹತ್ತಿರದವನು ಬರ್ಲಿನ್ನಿನ ಕಾರ್ಲ್ ಬ್ಲಾಸ್‌ಫೆಲ್ಟ್. ಶಿಲ್ಪಕಲೆಯ ಹುಡುಗರಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು, ತಾನೇ ಜೋಡಿಸಿಕೊಂಡ ಕ್ಯಾಮೆರಾದಲ್ಲಿ ಮೊಗ್ಗು, ಕಾಂಡ, ಬೀಜಕೋಶಗಳನ್ನು ಮೂವತ್ತು ಪಟ್ಟಿನವರೆಗೂ ಹಿಗ್ಗಿಸಿ ದಶಕಗಟ್ಟಲೆ ತೆಗೆದ. ಜರಿಗಿಡದ ಎಳೆ ಸುರುಳಿ ಕಬ್ಬಿಣದ ಕುಸುರಿಯ ಗೇಟಾಯಿತು. ಮೊದಲ ಪುಸ್ತಕ ಬಂದು ಹೆಸರಾದದ್ದು 1928ರಲ್ಲಿ, ಆಗ ಅವನಿಗೆ 63 ವರ್ಷ. ಈ ಕೊನೆಯ ಸಂಗತಿಯನ್ನು ಹೇಳುವಾಗ ರಾಯರು ಕಾಫಿ ಲೋಟ ಕೆಳಗಿಡುತ್ತಾರೆ. "ನನಗಿನ್ನೂ ಅರವತ್ತೊಂದು" ಎನ್ನುತ್ತಾರೆ.

ಇನ್ನು ಗ್ರಾನೈಟಿನ ವಿಷಯ.

ಅಡುಗೆಮನೆಯ ಕಟ್ಟೆ ಹಳತಾಗಿ, ಹೊಸ ಕಲ್ಲು ಹಾಕಿಸಬೇಕೆಂದು ಗಂಡಹೆಂಡತಿ ಜಿಗಣಿ ಕಡೆ ಹೋದರು. ರಸ್ತೆಯುದ್ದಕ್ಕೂ ಗ್ರಾನೈಟ್ ಅಂಗಡಿಗಳು, ಆಳೆತ್ತರದ ಪಾಲಿಶ್ ಹಾಳೆಗಳು ಸಾಲಾಗಿ ಒರಗಿ ನಿಂತಿರುತ್ತವೆ. ಇಂಥ ಜಾಗಕ್ಕೆ ರಾಯರನ್ನು ಕರೆದುಕೊಂಡು ಹೋಗಿದ್ದು ತನ್ನದೇ ತಪ್ಪು ಎಂದು ಆಕೆ ಆಮೇಲೆ ನಮ್ಮ ಮನೆಯಲ್ಲಿ ಹೇಳಿಕೊಂಡರು.

"ಜೆಟ್ ಬ್ಲ್ಯಾಕ್ ತಗೊಳ್ಳಿ ಸಾರ್. ಎಣ್ಣೆ ಬೀಳ್ಲಿ, ಅರಿಸಿನ ಬೀಳ್ಲಿ, ಕಲೆ ಕಾಣಲ್ಲ" ಅಂದ ಅಂಗಡಿಯವನು.

"ಕಲೆ ಕಾಣದ ಕಲ್ಲು ನನಗ್ಯಾಕಪ್ಪ?" ಅಂದರು ರಾಯರು. ಅಷ್ಟಕ್ಕೆ ನಿಲ್ಲದೆ, ನೀವು ಕಪ್ಪು ಗ್ರಾನೈಟ್ ಅಂತ ಮಾರುವುದು ಗ್ರಾನೈಟೇ ಅಲ್ಲ, ಬಹುಪಾಲು ಡಾಲರೈಟ್ ಎಂಬ ಬೇರೆ ಕಲ್ಲು ಎಂದು ಭೂವಿಜ್ಞಾನ ಶುರು ಮಾಡಿದರು. ಅಂಗಡಿಯವನು ಇದನ್ನು ಬೆಲೆ ಇಳಿಸುವ ಹೊಸ ಉಪಾಯವೆಂದು ತಿಳಿದು ಚದರಡಿಗೆ ಐದು ರೂಪಾಯಿ ಕಡಿಮೆ ಮಾಡಿದ. ಅಷ್ಟರಲ್ಲಿ ರಾಯರು ಹಿಂಭಾಗಕ್ಕೆ ಹೋಗಿದ್ದರು. ಅಲ್ಲಿ ಗೋಡೆಗೆ ಮುಖ ಮಾಡಿ ಒರಗಿಸಿದ್ದ ಒಂದು ಹಾಳೆ. ಕಪ್ಪು ಮೈ, ನಟ್ಟನಡುವೆ ಒಂದು ಬಿಳಿ ಗೆರೆ ಓರೆಯಾಗಿ ಇಳಿದು, ಕವಲೊಡೆದು, ಒಂದು ಕವಲು ಹಾಗೇ ಕರಗಿ, ಇನ್ನೊಂದು ಅಂಚಿನವರೆಗೂ ಹೋಗಿತ್ತು.

"ಅದು ಬೇಡಿ ಸಾರ್, ಲೈನ್ ಬಂದಿದೆ. ಡಿಫೆಕ್ಟ್ ಪೀಸು. ಚರಂಡಿಗೆ ಮುಚ್ಚೋಕೆ ಇಟ್ಟಿದೀವಿ."

ರಾಯರು ಪೂರಾ ಬೆಲೆ ಕೊಟ್ಟು ತಂದರು. ಈಗ ಆ ಅಂಗಡಿಯವನು ಒಡೆದದ್ದು, ಗೆರೆ ಬಂದದ್ದು, ಬಣ್ಣ ಕೂಡದ್ದು ಎಲ್ಲವನ್ನೂ ಪ್ರತ್ಯೇಕ ತೆಗೆದಿಟ್ಟು ಹಬ್ಬಹುಣ್ಣಿಮೆಗೆ ರಾಯರಿಗೆ ಫೋನ್ ಮಾಡುತ್ತಾನೆ.

ಕಲ್ಲು ಮನೆಗೆ ಬಂತು, ಮೇಸ್ತ್ರಿ ಬಂದ. ಟೇಪು ಹಿಡಿದು, ಸೀಸದಕಡ್ಡಿಯಲ್ಲಿ ಸಿಂಕಿಗೆ ಗುರುತು ಹಾಕಿದ. ಇಪ್ಪತ್ತನಾಲ್ಕು ಇಂಚು, ಹದಿನೆಂಟು ಇಂಚು. ಗುರುತು ಬಿದ್ದದ್ದು ಸರಿಯಾಗಿ ಬಿಳಿ ಗೆರೆ ಕವಲೊಡೆಯುವ ಜಾಗಕ್ಕೆ. ರಾಯರು ಕೂಗಿಕೊಂಡ ರಭಸಕ್ಕೆ ನಾನು ಪಕ್ಕದ ಮನೆಯಿಂದ ಓಡಿದೆ, ಯಾರಿಗೋ ಕರೆಂಟು ಹೊಡೆಯಿತೆಂದು.

"ಅಲ್ಲಿ ಕತ್ತರಿಸಬೇಡಪ್ಪ! ಇಡೀ ಕಾಂಪೋಸಿಷನ್ ಅಲ್ಲೇ ಇರೋದು!"

"ಸಾರ್, ನಲ್ಲಿ ಇಲ್ಲಿದೆ, ಔಟ್‌ಲೆಟ್ ಪೈಪ್ ಇಲ್ಲಿದೆ. ಸಿಂಕ್ ಎಲ್ಲಿಡ್ಲಿ, ಹಾಲಲ್ಲಿ ಇಡ್ಲಾ?"

"ಸ್ವಲ್ಪ ಬಲಗಡೆಗೆ ಸರಿಸು."

"ಬಲಗಡೆ ಒಲೆ ಸಾರ್."

"ಒಲೆ ಕಿಟಕಿ ಹತ್ರ ಇಡು."

"ಗಾಳಿಗೆ ಆರಿಹೋಗುತ್ತೆ ಸಾರ್."

ಮೇಸ್ತ್ರಿ ಅಮ್ಮನವರ ಮುಖ ನೋಡಿದ. ಅವರು ಏನೂ ಹೇಳಲಿಲ್ಲ, ಮೆಷಿನ್ನಿನ ಪ್ಲಗ್ಗನ್ನು ತಾವೇ ಸಾಕೆಟ್ಟಿಗೆ ಚುಚ್ಚಿ ಸ್ವಿಚ್ ಹಾಕಿದರು. ರಾಯರು ವರಾಂಡಕ್ಕೆ ಹೋಗಿ ಕಿವಿ ಮುಚ್ಚಿ ಕೂತರು. ಧೂಳು ಅಡಗಿದ ಮೇಲೆ ಮೇಸ್ತ್ರಿ ಕತ್ತರಿಸಿ ತೆಗೆದ ತುಂಡನ್ನು ತಂದು ಹಾಲಿನ ಗೋಡೆಗೆ ಒರಗಿಸಿದ, ನೀರಲ್ಲಿ ಒರೆಸಿದ. ನಾವು ಮೂವರೂ ಸುಮ್ಮನೆ ನೋಡಿದೆವು. ಬಿಳಿ ಗೆರೆ ಮೇಲಿನ ಎಡಮೂಲೆಯಲ್ಲಿ ಒಳಗೆ ಬಂದು, ಮೂರನೇ ಒಂದು ಭಾಗದಲ್ಲಿ ಕವಲೊಡೆದು, ಬಲಗಡೆ ಬರಿ ಕಪ್ಪನ್ನು ಉಳಿಸಿ ಹೊರಟುಹೋಗಿತ್ತು. ಆಚೀಚೆ ಒಂದಿಂಚು ಹೆಚ್ಚಿಲ್ಲ, ಕಡಿಮೆಯಿಲ್ಲ. ರಾಯರು ವರ್ಷಗಟ್ಟಲೆ ಕಲಿಯುತ್ತಿದ್ದ ಕ್ರಾಪಿಂಗನ್ನು ಮೇಸ್ತ್ರಿ ಹತ್ತು ನಿಮಿಷದಲ್ಲಿ ಮುಗಿಸಿದ್ದ. ಆ ಕಲ್ಲು ಇವತ್ತಿಗೂ ಹಾಲಿನಲ್ಲಿದೆ. ಬಂದವರು ಯಾರ ಕೃತಿ ಎಂದು ಕೇಳಿದರೆ ರಾಯರು ಮಾತು ಬದಲಿಸುತ್ತಾರೆ.

ರಾಯರಿಗೆ ಮನ್ನಣೆ ಬೇಕಿತ್ತು. ಬೇಡವೇ? ಸಲಾನ್ ಎಂಬ ಸ್ಪರ್ಧೆಗಳಿಗೆ ಚಿತ್ರ ಕಳಿಸಿ, ಇಂತಿಷ್ಟು ಸಲ ಆಯ್ಕೆಯಾದರೆ ಹೆಸರಿನ ಮುಂದೆ ನಾಲ್ಕೈದು ಅಕ್ಷರ ಹಾಕಿಕೊಳ್ಳಬಹುದು. ರಾಯರು ಜಾಗ ಬಿಟ್ಟೇ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿದ್ದರು. ಆದರೆ 'ನೇಚರ್' ವಿಭಾಗದ ನಿಯಮ ಅವರ ಜೀವ ತಿಂದಿತು. ತಿಳಿದವರು ನೋಡಿದರೆ ವಸ್ತು ಏನೆಂದು ಗುರುತು ಹಿಡಿಯುವಂತಿರಬೇಕು, ಚಿತ್ರ ಒಂದು ಕಥೆ ಹೇಳಬೇಕು, ಮನುಷ್ಯನ ಕೈಗೆಲಸ ಕಾಣಬಾರದು. ರಾಯರ ಜೀವಮಾನದ ಸಾಧನೆಯೇ ವಸ್ತು ಏನೆಂದು ಗುರುತು ಸಿಗದಂತೆ ಮಾಡುವುದು. ಕಥೆಯಂತೂ ಕಲ್ಲಿಗೆ ಎಲ್ಲಿಂದ ಬರಬೇಕು? ಕಳಿಸಿದ್ದೆಲ್ಲ ವಾಪಸು ಬಂತು.

ಆಗ ನಡೆದದ್ದು ಪಾರ್ಕಿನ ಕಲ್ಲಿನ ಪ್ರಕರಣ.

ನಮ್ಮ ಪಾರ್ಕಿನ ಈಶಾನ್ಯ ಮೂಲೆಯಲ್ಲಿ, ಅರಳಿಮರದ ಬುಡದಲ್ಲಿ, ಚರಂಡಿ ಕಟ್ಟಿ ಮಿಕ್ಕ ಒಂದು ಸೈಜುಗಲ್ಲು ಬಿದ್ದಿತ್ತು. ರಾಯರ ಕಣ್ಣಿಗೆ ಅದರ ಒಂದು ಮಗ್ಗುಲು ಬಿತ್ತು. ಬೆಳಗಿನ ಆರೂವರೆಯ ಬೆಳಕು ಚೆನ್ನಾಗಿತ್ತು. ದಿನಾ ಹೋಗತೊಡಗಿದರು. ಮೊದಲು ಕಲ್ಲಿಗೆ ನೀರು ಚಿಮುಕಿಸುವರು. ಆಮೇಲೆ ಕೊಡೆ ಬಿಚ್ಚಿ ಕಲ್ಲಿನ ಮೇಲೆ ಹಿಡಿಸುವರು. ಆಮೇಲೆ ಅದರ ಮುಂದೆ ಉದ್ದಕ್ಕೆ ಬೋರಲು ಮಲಗುವರು. ವಾಕಿಂಗಿಗೆ ಬರುವ ಹೆಂಗಸರು ಇದನ್ನು ದೂರದಿಂದ ನೋಡಿದರು. ಅಭಿಷೇಕ, ಛತ್ರ, ಸಾಷ್ಟಾಂಗ. ಮತ್ತೇನು ಬೇಕು? ನಾಲ್ಕನೇ ದಿನಕ್ಕೆ ಕಲ್ಲಿನ ಮೇಲೆ ಒಂದು ದಾಸವಾಳ ಇತ್ತು. ರಾಯರು ಮರದಿಂದ ಬಿದ್ದಿರಬೇಕೆಂದು ತೆಗೆದು ಪಕ್ಕಕ್ಕಿಟ್ಟರು. ಅರಳಿಮರದಲ್ಲಿ ದಾಸವಾಳ ಬಿಡುವುದಿಲ್ಲ ಎಂದು ಅವರಿಗೆ ಆಗ ತೋಚಲಿಲ್ಲ. ಮುಂದಿನ ವಾರ ಅರಿಸಿನ, ಕುಂಕುಮ, ಎಳ್ಳೆಣ್ಣೆ.

ರಾಯರಿಗೆ ಸಿಟ್ಟು ಬಂದದ್ದು ನಿಜ. ಆದರೆ ಲೆನ್ಸಿನಲ್ಲಿ ನೋಡಿದ ಮೇಲೆ ಸಿಟ್ಟು ಇಳಿಯಿತು. ಎಣ್ಣೆ ಕಲ್ಲಿನ ಸಂದಿನಲ್ಲಿ ಇಳಿದು ಕಪ್ಪಾಗಿತ್ತು, ಕುಂಕುಮ ಎಣ್ಣೆಯಲ್ಲಿ ತೇಲಿ ದಡ ಕಟ್ಟಿತ್ತು, ಒಣಗಿದ ಅರಿಸಿನ ಬಿರಿದು ಬಿರುಕಿನಲ್ಲಿ ಬೂದುಗಲ್ಲು ಇಣುಕುತ್ತಿತ್ತು. ಮನುಷ್ಯನ ಕೈಗೆಲಸ ಇದ್ದದ್ದರಿಂದ 'ನೇಚರ್' ವಿಭಾಗಕ್ಕೆ ಸಲ್ಲದು. ಬಣ್ಣದ ಮುಕ್ತ ವಿಭಾಗಕ್ಕೆ 'ಅನಂತದ ಉಸಿರು-3' ಎಂದು ಹೆಸರಿಟ್ಟು ಕಳಿಸಿದರು. ಒಂದು ಮತ್ತು ಎರಡು ಎಲ್ಲಿ ಎಂದು ನಾನು ಕೇಳಲಿಲ್ಲ. ಅದು ಆಯ್ಕೆಯಾಯಿತು. ಈವರೆಗೆ ಆಯ್ಕೆಯಾದದ್ದು ಅದೊಂದೇ.

ಸರಣಿ ಮುಂದುವರಿಸಲು ರಾಯರು ಉತ್ಸಾಹದಿಂದ ಹೋದರೆ ಕಲ್ಲಿನ ಸುತ್ತ ಟೈಲ್ಸ್ ಹಾಕಿ, ಮೇಲೆ ತಗಡಿನ ಚಪ್ಪರ ಎಬ್ಬಿಸಿ, ಒಂದು ಹುಂಡಿ ಇಟ್ಟಿದ್ದರು. "ಶೂ ಬಿಚ್ಚಿ ಬನ್ನಿ ಸಾರ್" ಅಂದ ಒಬ್ಬ. ರಾಯರು ಶೂ ಬಿಚ್ಚಿದರು. ಕ್ಯಾಮೆರಾ ತೆಗೆದರು. ಅವನು ತಲೆಯ ಮೇಲಿನ ಬೋರ್ಡು ತೋರಿಸಿದ: 'ಇಲ್ಲಿ ಫೋಟೋ ತೆಗೆಯುವುದನ್ನು ನಿಷೇಧಿಸಲಾಗಿದೆ.' ರಾಯರ ಮನೆಯಾಕೆ ಮಾತ್ರ ಶುಕ್ರವಾರ ಶುಕ್ರವಾರ ಅಲ್ಲಿ ದೀಪ ಹಚ್ಚಿ ಬರುತ್ತಾರೆ. ಗಂಡನಿಗೆ ಫಲ ಕೊಟ್ಟ ದೇವರು.

ಆಯ್ಕೆಯ ಹುರುಪಿನಲ್ಲಿ ಸಮುದಾಯ ಭವನದಲ್ಲಿ ಪ್ರದರ್ಶನವೂ ನಡೆಯಿತು. ಮನುಷ್ಯನ ಮಿದುಳಿಗೆ ಎಲ್ಲೆಲ್ಲೂ ಮುಖ ಹುಡುಕುವ ಚಟವಿದೆ. ಗೋಡೆಯ ಕಲೆಗಳನ್ನು ದಿಟ್ಟಿಸಿ ನೋಡಿ, ಬೆಟ್ಟ, ನದಿ, ಯುದ್ಧ ಎಲ್ಲ ಕಾಣುತ್ತದೆ ಎಂದು ಲಿಯೊನಾರ್ಡೊ ಡ ವಿಂಚಿಯೇ ಚಿತ್ರಕಾರರಿಗೆ ಬುದ್ಧಿ ಹೇಳಿದ್ದ. ರಾಯರ ಹೋರಾಟ ಲಿಯೊನಾರ್ಡೊ ವಿರುದ್ಧ. ಚಿತ್ರದಲ್ಲಿ ಏನೂ ಕಾಣಬಾರದು, ಗೆರೆ ಗೆರೆಯಾಗಿ, ಬಣ್ಣ ಬಣ್ಣವಾಗಿ ಕಾಣಬೇಕು. ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಇದನ್ನು ಹೇಳಿದರು. ಬಂದವರು ಹೂಂಗುಟ್ಟಿ ಒಳಗೆ ಹೋಗಿ, "ಅಗೋ ಗಣಪತಿ! ಸೊಂಡಿಲು ನೋಡೇ" ಅಂದರು. ಹನ್ನೊಂದು ಚಿತ್ರಗಳಲ್ಲಿ ಗಣಪತಿ ಸಿಕ್ಕ, ಎರಡರಲ್ಲಿ ಕರ್ನಾಟಕದ ಭೂಪಟ. ಚರ್ಮದ ಡಾಕ್ಟರೊಬ್ಬರು ಕಲ್ಲುಹೂವಿನ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದು ನೋಡಿ ರಾಯರು ಆಸೆಯಿಂದ ಹತ್ತಿರ ಹೋದರು. "ಕಡಿತ ಇದೆಯಾ ಇವರಿಗೆ?" ಎಂದು ಅವರು ಕೇಳಿದರು.

ಇಷ್ಟೆಲ್ಲ ಹೇಳಿದೆನೆಂದು ರಾಯರ ಚಿತ್ರಗಳು ಚೆನ್ನಾಗಿಲ್ಲ ಅಂದುಕೊಳ್ಳಬೇಡಿ. ಬಹಳಷ್ಟು ಚೆನ್ನಾಗಿಲ್ಲ, ಅದು ಬೇರೆ. ಕೆಲವು ಮಾತ್ರ ನಿಜಕ್ಕೂ ಚೆನ್ನಾಗಿವೆ. ಲಾಲ್‌ಬಾಗಿನ ಬಂಡೆಯದೊಂದಿದೆ. ಮೇಲೆ ಕೆಂಪೇಗೌಡ ಗೋಪುರ ಇರುವ ಅದೇ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಫಲಕ ನೆಟ್ಟಿದ್ದಾರೆ. ಆ ಫಲಕದ ಪಕ್ಕದಲ್ಲೇ ಕೂತು ಕಡಲೆಕಾಯಿ ತಿಂದು, ಸಿಪ್ಪೆ ಅಲ್ಲೇ ಉದುರಿಸಿ, ಮಕ್ಕಳನ್ನು ಜಾರಲು ಬಿಟ್ಟು, ಎದ್ದು ಪ್ಯಾಂಟು ಕೊಡವಿಕೊಂಡು ಬಂದವರು ನಾವು. ರಾಯರ ಚಿತ್ರದಲ್ಲಿ ಅಂಗೈಗಿಂತ ಚಿಕ್ಕ ಜಾಗ. ಬೆಣಚಿನ ಬಿಳಿ ಪಟ್ಟೆ, ಪಕ್ಕದಲ್ಲಿ ಕರಿಯ ಪಟ್ಟೆ, ಮತ್ತೆ ಬಿಳಿ. ಒಂದು ಕಡೆ ಬಿಳಿ ಪಟ್ಟೆ ತೆಳ್ಳಗಾಗುತ್ತ ಬಂದು ಬಾಗಿದೆ, ಬಾಗಿದ ಕಡೆ ಕಡಿದಿದೆ, ಕಡಿದದ್ದು ಒಂದು ಬೆರಳು ಕೆಳಗೆ ಮತ್ತೆ ಶುರುವಾಗಿದೆ. ಈ ಕಲ್ಲು ನೆಲದಾಳದಲ್ಲಿ ಕಾದು, ಮೆತ್ತಗಾಗಿ, ಮಡಿಸಿಕೊಂಡ ಹೊತ್ತು ಅಲ್ಲಿದೆ. ನಡುವೆ ಎರಡು ಮೂರು ಚೂರು ಕಾಗೆಬಂಗಾರ ಮಿನುಗುತ್ತಿದೆ. ನಾನು ಹುಡುಕಿ ನೋಡಿದೆ. ಗಣಪತಿ ಇಲ್ಲ, ಭೂಪಟ ಇಲ್ಲ. ಅದಕ್ಕೆ ಹೆಸರೂ ಇಟ್ಟಿಲ್ಲ, ರಾಯರು ಮರೆತಿರಬೇಕು. ಆ ಚಿತ್ರವನ್ನು ನಾನು ದುಡ್ಡು ಕೊಟ್ಟು ಕೊಂಡೆ. ರಾಯರು ಸ್ನೇಹಿತರೆಂದು ಬೆಲೆಯಲ್ಲಿ ಒಂದು ರೂಪಾಯಿಯನ್ನೂ ಬಿಡಲಿಲ್ಲ.

ಈಗ ಮಂಡಿ ಮಡಿಸಬಾರದೆಂದು ಡಾಕ್ಟರು ಹೇಳಿದ್ದಾರೆ. ಕೂತು ತೆಗೆಯುವಂತಿಲ್ಲ, ಹಾಗಾಗಿ ಎಲ್ಲ ಕಡೆಯೂ ಮಲಗಿಯೇ ತೆಗೆಯುತ್ತಾರೆ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನ ಬಂಡೆಯ ಮೇಲೆ ವಯಸ್ಸಾದವರೊಬ್ಬರು ಅಲುಗಾಡದೆ ಬೋರಲು ಬಿದ್ದಿರುವುದು ಕಂಡರೆ ಗಾಬರಿಯಾಗಿ 108ಕ್ಕೆ ಫೋನು ಮಾಡಬೇಡಿ, ಹೋದ ಸಲ ಆಂಬುಲೆನ್ಸಿನವರು ತುಂಬ ಬೇಜಾರು ಮಾಡಿಕೊಂಡರು. ಸೂರ್ಯ ಯಾವ ಕಡೆ ಇದ್ದಾನೆಂದು ನೋಡಿ, ನಿಮ್ಮ ನೆರಳು ಬೀಳದ ಹಾಗೆ ಬಳಸಿಕೊಂಡು ಹೋಗಿ. ಕಡಲೆಕಾಯಿ ಸಿಪ್ಪೆಯನ್ನು ಮಾತ್ರ ದಯವಿಟ್ಟು ಜೇಬಿಗೆ ಹಾಕಿಕೊಳ್ಳಿ.